ಮುದ್ರೆ ಒತ್ತುವವರನ್ನು ನಂಬುವುದು ಹೇಗೆ?

2011ರ ಆಗಸ್ಟ್ ತಿಂಗಳ ಕೊನೆಯ ದಿನಗಳು. ಇರಾನಿನಲ್ಲಿ ಒಬ್ಬರು ತಮ್ಮ ಜಿಮೇಲ್ ತೆರೆಯಲು ಹೋದಾಗ ಕ್ರೋಮ್ ಬ್ರೌಸರ್ ಎಚ್ಚರಿಕೆ ಕೊಟ್ಟಿತು. ಗೂಗಲ್ ಹೆಸರಿನಲ್ಲಿ ಎದುರಿಗೆ ಬಂದ ಡಿಜಿಟಲ್ ಪ್ರಮಾಣಪತ್ರ ಗೂಗಲ್‌ನದಾಗಿರಲಿಲ್ಲ. ಅದರ ಮೇಲೆ ಇದ್ದದ್ದು ನೆದರ್ಲೆಂಡ್ಸಿನ ಡಿಜಿನೋಟಾರ್ ಸಂಸ್ಥೆಯ ಸಹಿ.

ಡಿಜಿಟಲ್ ಪ್ರಮಾಣಪತ್ರವು ನೋಟರಿಯ ಮುದ್ರೆಯಿದ್ದಂತೆ. ಈ ತಾಣ ಇಂಥವರದೇ ಎಂದು ಮೂರನೆಯ ಸಂಸ್ಥೆಯೊಂದು ಸಾಕ್ಷಿ ನುಡಿಯುತ್ತದೆ. ಹಾಗಾದರೆ ಆ ಸಾಕ್ಷಿದಾರನಿಗೆ ಸಾಕ್ಷಿ ಯಾರು?

ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ‘ಪ್ರಮಾಣೀಕರಣ ಕಾರ್ಯವಿಧಾನ ಹೇಳಿಕೆ’. ಅಮೆರಿಕದ ವಕೀಲರ ಸಂಘವು 1996ರ ತನ್ನ ಮಾರ್ಗಸೂಚಿಯಲ್ಲಿ ಇದನ್ನು ವಿವರಿಸಿತು. 1999ರಲ್ಲಿ ಇಂಟರ್‌ನೆಟ್ ತಂತ್ರಜ್ಞರು ಇದಕ್ಕೊಂದು ಮಾದರಿ ಚೌಕಟ್ಟು ರೂಪಿಸಿದರು. 2003ರ ಪರಿಷ್ಕರಣೆಯಲ್ಲಿ ಅದು ಒಂಬತ್ತು ಅಧ್ಯಾಯಗಳಾಯಿತು. ಅರ್ಜಿದಾರರ ಗುರುತನ್ನು ಹೇಗೆ ಪರಿಶೀಲಿಸಲಾಗುತ್ತದೆ, ಗುಪ್ತ ಕೀಲಿ ಎಲ್ಲಿರುತ್ತದೆ, ಆ ಕೋಣೆಗೆ ಯಾರಿಗೆ ಪ್ರವೇಶ, ಪ್ರಮಾಣಪತ್ರ ರದ್ದಾಗುವುದು ಯಾವಾಗ, ತಪ್ಪಾದರೆ ಹೊಣೆ ಯಾರದು ಎಂಬುದನ್ನೆಲ್ಲ ಸಂಸ್ಥೆ ಬರೆದು ಪ್ರಕಟಿಸಬೇಕು. ಬರೆದಂತೆ ನಡೆಯುತ್ತಿದೆಯೇ ಎಂದು ಹೊರಗಿನ ಲೆಕ್ಕಪರಿಶೋಧಕರು ನೋಡಬೇಕು.

ಡಿಜಿನೋಟಾರ್ ಬಳಿಯೂ ಇಂಥ ಹೇಳಿಕೆ ಇತ್ತು, ಪರಿಶೋಧನೆಯೂ ನಡೆದಿತ್ತು. ಆದರೆ ಕಳ್ಳರು ಹೊಕ್ಕ ಮೇಲೆ ಫಾಕ್ಸ್-ಐಟಿ ಸಂಸ್ಥೆ ತನಿಖೆ ನಡೆಸಿದಾಗ ಕಂಡದ್ದೇ ಬೇರೆ. ಸರ್ವರ್‌ಗಳಲ್ಲಿ ವೈರಸ್ ತಡೆ ತಂತ್ರಾಂಶವಿರಲಿಲ್ಲ, ಪಾಸ್‌ವರ್ಡ್ ದುರ್ಬಲವಾಗಿತ್ತು, ಪ್ರಮಾಣಪತ್ರ ನೀಡುವ ಯಂತ್ರಗಳೆಲ್ಲ ಒಂದೇ ಜಾಲವಲಯಕ್ಕೆ ಸೇರಿದ್ದವು. ಬರೆದಿಟ್ಟದ್ದು ಪುಸ್ತಕದ ಬದನೆಕಾಯಿಯಾಗಿತ್ತು. 500ಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಗೂಗಲ್ ಹೆಸರಿನ ಒಂದೇ ಪತ್ರ ಸುಮಾರು 3 ಲಕ್ಷ ಅಂತರಜಾಲ ವಿಳಾಸಗಳಿಗೆ ಎದುರಾಗಿತ್ತು. ಅವುಗಳಲ್ಲಿ ಬಹುಪಾಲು ಇರಾನಿನವು. ಅಷ್ಟು ಜನರ ಖಾಸಗಿ ಪತ್ರಗಳು ಪರರ ಕಣ್ಣಿಗೆ ಬೀಳುವ ಸ್ಥಿತಿ ಅದು.

ಕನ್ನ ಬಿದ್ದದ್ದು ಜುಲೈನಲ್ಲೇ ಸಂಸ್ಥೆಗೆ ತಿಳಿದಿತ್ತು. ಅದು ಲೋಕಕ್ಕೆ ಹೇಳಲಿಲ್ಲ. ಈ ಮೌನವೇ ದುಬಾರಿಯಾಯಿತು. ಬ್ರೌಸರ್‌ಗಳು ಡಿಜಿನೋಟಾರ್ ಹೆಸರನ್ನು ತಮ್ಮ ನಂಬಿಕೆಯ ಪಟ್ಟಿಯಿಂದ ತೆಗೆದುಹಾಕಿದವು. ಸೆಪ್ಟೆಂಬರ್‌ನಲ್ಲಿ ಸಂಸ್ಥೆ ದಿವಾಳಿಯಾಯಿತು.

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ-2000ರ ಪ್ರಕಾರವೂ ಪ್ರಮಾಣಪತ್ರ ನೀಡಲು ಪರವಾನಗಿ ಕೇಳುವವರು ಅರ್ಜಿಯೊಂದಿಗೆ ಈ ಹೇಳಿಕೆಯನ್ನು ಸಲ್ಲಿಸಬೇಕು. ಆದರೂ 2014ರಲ್ಲಿ ಇಲ್ಲಿಯೂ ಗೂಗಲ್ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಪತ್ತೆಯಾಗಿ, ಅವುಗಳ ಮೂಲಪತ್ರಗಳನ್ನೇ ರದ್ದುಪಡಿಸಬೇಕಾಯಿತು.

ಇದರಿಂದ ಪಾಠ ಕಲಿತವರು ಹೊಸ ದಾರಿ ಹುಡುಕಿದರು. ನೀಡಿದ ಪ್ರತಿ ಪ್ರಮಾಣಪತ್ರವನ್ನೂ ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಾಖಲೆಯಲ್ಲಿ ಬರೆಯುವ ಕ್ರಮವನ್ನು 2013ರಲ್ಲಿ ಪ್ರಕಟಿಸಲಾಯಿತು. 2018ರಿಂದ ಕ್ರೋಮ್ ಹೊಸ ಪತ್ರಗಳಿಗೆ ಅದನ್ನು ಕಡ್ಡಾಯ ಮಾಡಿತು. ಕಾರ್ಯವಿಧಾನದ ಹೇಳಿಕೆ ಇಂದಿಗೂ ಬೇಕು. ಆದರೆ ಆಡಿದ್ದನ್ನು ಮಾಡಿದ್ದರೊಂದಿಗೆ ತಾಳೆ ನೋಡುವ ಕೆಲಸ ಈಗ ಪರಿಶೋಧಕರೊಬ್ಬರದೇ ಆಗಿ ಉಳಿದಿಲ್ಲ.