ಮುರಿದ ಕಲ್ಲೇ ಗುರು

ಬೆರಳುದ್ದಕ್ಕೂ ಕಡಿಮೆಯಾದ, ಎಲೆಯಾಕಾರದ ಕಲ್ಲಿನ ಈಟಿಮೊನೆ. ಅದರ ಎರಡೂ ಮುಖಗಳಲ್ಲಿ ಬುಡದಿಂದ ಹೆಚ್ಚುಕಡಿಮೆ ತುದಿಯವರೆಗೆ ಅಗಲವಾದ ನುಣುಪು ತೋಡು. ಈ ತೋಡು ಉಜ್ಜಿ ಮಾಡಿದ್ದಲ್ಲ, ಕೊರೆದು ಮಾಡಿದ್ದೂ ಅಲ್ಲ. ಒಂದೇ ಪೆಟ್ಟಿಗೆ ಅಥವಾ ಒಂದೇ ಒತ್ತಡಕ್ಕೆ ಉದ್ದನೆಯ ಚಕ್ಕೆಯೊಂದು ಎದ್ದುಹೋದ ಗುರುತು ಅದು. ಸುಮಾರು 12 ಸಾವಿರ ವರ್ಷಗಳ ಹಿಂದೆ ಉತ್ತರ ಅಮೆರಿಕದ ಬೇಟೆಗಾರರು ಇದನ್ನು ಮಾಡುತ್ತಿದ್ದರು. ಹೇಗೆ ಮಾಡುತ್ತಿದ್ದರು ಎಂದು ಹೇಳಬಲ್ಲವರು ಮಾತ್ರ ಯಾರೂ ಉಳಿದಿರಲಿಲ್ಲ.

ಈ ಮೊನೆಗಳು ಬೆಳಕಿಗೆ ಬಂದ ಕಥೆ ಸ್ವಾರಸ್ಯಕರ. 1908ರ ಆಗಸ್ಟ್‌ನಲ್ಲಿ ನ್ಯೂ ಮೆಕ್ಸಿಕೊದ ಫೋಲ್ಸಮ್ ಎಂಬ ಊರಿಗೆ ಭಾರಿ ಪ್ರವಾಹ ಬಂತು. ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ದನಗಾವಲಿನ ಮೇಸ್ತ್ರಿಯಾಗಿದ್ದ ಜಾರ್ಜ್ ಮೆಕ್‌ಜಂಕಿನ್ ಎಂಬ ಕಪ್ಪು ವರ್ಣೀಯ, ನೀರು ಕೊರೆದ ಹಳ್ಳವೊಂದರಲ್ಲಿ ದೊಡ್ಡ ದೊಡ್ಡ ಮೂಳೆಗಳನ್ನು ಕಂಡ. ಅವು ಸಾಮಾನ್ಯ ದನದ ಮೂಳೆಗಳಲ್ಲ ಎಂದು ಆತನಿಗೆ ಅನ್ನಿಸಿತು. ಸಿಕ್ಕವರಿಗೆಲ್ಲ ಅದನ್ನು ಹೇಳಿದರೂ ಆತ ಬದುಕಿರುವಾಗ ಉತ್ಖನನ ನಡೆಯಲಿಲ್ಲ. 1922ರಲ್ಲಿ ಆತ ತೀರಿಕೊಂಡ. 1926ರಲ್ಲಿ ಡೆನ್ವರ್‌ನ ವಸ್ತುಸಂಗ್ರಹಾಲಯದವರು ಅಲ್ಲಿ ಅಗೆಯತೊಡಗಿದರು. ಮರುವರ್ಷ, ಅಳಿದುಹೋದ ಬೈಸನ್ ಜಾತಿಯ ಪ್ರಾಣಿಯ ಪಕ್ಕೆಲುಬುಗಳ ನಡುವೆ ತೋಡಿನ ಮೊನೆಯೊಂದು ಇದ್ದಂತೆಯೇ ಸಿಕ್ಕಿತು. ಅಮೆರಿಕಕ್ಕೆ ಮನುಷ್ಯ ಬಂದು ಕೆಲವೇ ಸಾವಿರ ವರ್ಷವಾಯಿತೆಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಬಳಿಕ ಅದೇ ರಾಜ್ಯದ ಕ್ಲೋವಿಸ್ ಬಳಿ, ಮ್ಯಾಮತ್ ಮೂಳೆಗಳ ಜತೆ ಇನ್ನೂ ಹಳೆಯ, ಬುಡದಲ್ಲಷ್ಟೇ ಗಿಡ್ಡ ತೋಡಿರುವ ಮೊನೆಗಳು ದೊರೆತವು.

ಬೇರೆ ಬಗೆಯ ಕಲ್ಲುಕೆಲಸಕ್ಕೆ ಕಲಿಸುವವರು ಇದ್ದರು. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಇಶಿ, ಬಾಟಲಿ ಗಾಜಿನಿಂದಲೂ ಬಾಣದ ಮೊನೆ ಮಾಡಿ ತೋರಿಸುತ್ತಿದ್ದ. ತೋಡು ಎಬ್ಬಿಸುವ ವಿದ್ಯೆಗೆ ಅಂಥ ಗುರುವಿರಲಿಲ್ಲ. ಉಳಿದಿದ್ದುದು ಮೊನೆಗಳು, ಮುರಿದ ತುಂಡುಗಳು ಮತ್ತು ಚಕ್ಕೆಗಳು ಮಾತ್ರ.

ಕೆಲಸವಾದರೂ ಎಂಥದು? ಚೆರ್ಟ್‌ನಂಥ ಕಲ್ಲನ್ನು ಮೊದಲು ಎರಡೂ ಬದಿ ಚಕ್ಕೆ ಎಬ್ಬಿಸಿ ತೆಳ್ಳಗೆ ಮಾಡಬೇಕು. ನಡುಭಾಗ ತುಸು ಉಬ್ಬಿರಬೇಕು, ಏಕೆಂದರೆ ಬಿರುಕು ಆ ಉಬ್ಬನ್ನು ಹಿಡಿದೇ ಓಡುತ್ತದೆ. ಬುಡದಲ್ಲಿ ಮೊಗ್ಗಿನಂಥ ಚಿಕ್ಕ ಚಾಚು ಬಿಟ್ಟು, ಪೆಟ್ಟು ಬಿದ್ದೊಡನೆ ಪುಡಿಯಾಗದಂತೆ ಅದನ್ನು ಒರಟು ಕಲ್ಲಿಗೆ ಉಜ್ಜಬೇಕು. ಆಮೇಲೆ ಪೆಟ್ಟು. ಬಲ ಸಾಲದಿದ್ದರೆ ಚಕ್ಕೆ ಅರ್ಧಕ್ಕೇ ಮುರಿದು ಮೆಟ್ಟಿಲಿನಂತೆ ನಿಲ್ಲುತ್ತದೆ. ಬಿರುಕು ಒಳಕ್ಕೆ ತಿರುಗಿದರೆ ತುದಿಯನ್ನೇ ಕಿತ್ತೊಯ್ಯುತ್ತದೆ. ಕಲ್ಲು ಅದುರಿದರೆ ಎರಡು ತುಂಡು. ಇಷ್ಟೂ ಒಂದು ಮುಖಕ್ಕೆ. ಈಗ ಇನ್ನೂ ತೆಳುವಾದ ಅದೇ ಕಲ್ಲಿನ ಇನ್ನೊಂದು ಮುಖಕ್ಕೆ ಮತ್ತೆ ಅದೇ ಸಾಹಸ.

ಈ ಒಗಟಿನ ಬೆನ್ನು ಹತ್ತಿದವರಲ್ಲಿ ಇಡಾಹೊ ರಾಜ್ಯದ ಡಾನ್ ಕ್ರ್ಯಾಬ್‌ಟ್ರೀ ಪ್ರಮುಖ. 1912ರಲ್ಲಿ ಹುಟ್ಟಿದ ಆತ ಕಾಲೇಜು ಓದು ಮುಗಿಸಿದವನಲ್ಲ. ಹುಡುಗನಾಗಿದ್ದಾಗಲೇ ಹಿಡಿದ ಕಲ್ಲಿನ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. ಕೊಲರಾಡೊದ ಲಿಂಡನ್‌ಮಯರ್ ಎಂಬಲ್ಲಿ ಸಿಕ್ಕ ಫೋಲ್ಸಮ್ ಮೊನೆಗಳನ್ನು ಮುಂದಿಟ್ಟುಕೊಂಡು ಹಲವು ವಿಧಾನಗಳನ್ನು ಒಂದೊಂದಾಗಿ ಪ್ರಯೋಗಿಸಿ, 1966ರಲ್ಲಿ ವಿವರವಾದ ಪ್ರಬಂಧ ಪ್ರಕಟಿಸಿದ. ಕೊಂಬಿನ ಉಳಿಯನ್ನು ಚಾಚಿನ ಮೇಲಿಟ್ಟು ಹೊಡೆಯುವುದು, ಎದೆಗೆ ಆನಿಸಿದ ಊರುಗೋಲಿನಿಂದ ಮೈಭಾರ ಬಿಟ್ಟು ಒತ್ತುವುದು ಆತ ಪರೀಕ್ಷಿಸಿದ ವಿಧಾನಗಳಲ್ಲಿ ಸೇರಿದ್ದವು. ತನ್ನ ಕೈಯಲ್ಲಿ ಬಿದ್ದ ಚಕ್ಕೆ ಹಳೆಯ ಚಕ್ಕೆಯನ್ನು ಹೋಲುತ್ತದೆಯೇ, ತನ್ನ ಕಲ್ಲು ಮುರಿದ ಬಗೆ ಅವರ ಕಲ್ಲು ಮುರಿದ ಬಗೆಯೇ ಎಂಬುದೇ ಇಲ್ಲಿ ಪರೀಕ್ಷೆ. ಹೀಗೆ ಸೋಲೂ ಸಾಕ್ಷಿಯಾಯಿತು.

ಇಂದು ಅಮೆರಿಕದಲ್ಲಿ ಈ ಕೆಲಸವನ್ನು ಹವ್ಯಾಸವಾಗಿ ಕಲಿಯುವವರು ಅನೇಕರಿದ್ದಾರೆ. ಸನ್ನೆಗೋಲು ಬಳಸುವವರುಂಟು, ಕೈಯಲ್ಲೇ ಕೊಂಬಿನ ಸುತ್ತಿಗೆ ಬೀಸುವವರೂ ಉಂಟು. ಕಣ್ಣಿಗೆ ಕನ್ನಡಕ ಬೇಕು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಇನ್ನೊಂದು ಅಪಾಯ ಇತಿಹಾಸಕ್ಕೇ ಆದುದು: ಹೊಸ ಮೊನೆ ಹಳೆಯದೆಂದು ಮಾರಾಟವಾಗಬಹುದು. ಆದ್ದರಿಂದಲೇ ಪ್ರಾಮಾಣಿಕರು ತಮ್ಮ ಮೊನೆಯ ಮೇಲೆ ತಮ್ಮ ಗುರುತು ಹಾಕುತ್ತಾರೆ.

ಇಷ್ಟು ನಷ್ಟದ ತೋಡು ಬೇಕಾಗಿತ್ತಾದರೂ ಏಕೆ? ಹಿಡಿಗೆ ಭದ್ರವಾಗಿ ಕೂರಿಸಲು ಎಂಬುದು ಹಳೆಯ ಉತ್ತರ. ಬುಡ ತೆಳುವಾದರೆ ಗುರಿಗೆ ಬಡಿದಾಗಿನ ಆಘಾತವನ್ನು ಬುಡವೇ ನುಂಗಿ ತುದಿ ಉಳಿಯುತ್ತದೆ ಎಂದು 2017ರ ಅಧ್ಯಯನವೊಂದು ಸೂಚಿಸಿತು. ಯೆಮನ್ ಮತ್ತು ಒಮಾನ್‌ಗಳಲ್ಲಿ ಸಿಕ್ಕ ಸುಮಾರು 8 ಸಾವಿರ ವರ್ಷ ಹಳೆಯ ಮೊನೆಗಳಲ್ಲೂ ತೋಡುಗಳಿವೆ ಎಂದು 2020ರಲ್ಲಿ ಪ್ರಕಟವಾಯಿತು. ಅಮೆರಿಕಕ್ಕೂ ಅವುಗಳಿಗೂ ನಂಟಿಲ್ಲ. ಅಲ್ಲಿ ತೋಡು ಹೆಚ್ಚಾಗಿ ತುದಿಯ ಕಡೆಯಿಂದ ಎದ್ದಿದೆ. ಹಿಡಿಗೆ ಕೂರಿಸಲು ಅದರಿಂದ ಪ್ರಯೋಜನವಿಲ್ಲ. ಕುಶಲಕರ್ಮಿ ತನ್ನ ಕೈಚಳಕ ಮೆರೆಯಲು ಮಾಡಿರಬಹುದೆಂಬುದು ಸಂಶೋಧಕರ ಅಭಿಪ್ರಾಯ.

ಕಲ್ಲೊಡೆದೇ ಕಲ್ಲಿನ ಕಾಲವನ್ನು ಅರಿಯುವ ಈ ಕ್ರಮ ಕರ್ನಾಟಕಕ್ಕೂ ಬಂದಿದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಲಕ್ಷಾಂತರ ವರ್ಷಗಳ ಹಿಂದಿನ ಸುಣ್ಣಕಲ್ಲಿನ ಕೈಗೊಡಲಿಗಳು ಹೇಗೆ ತಯಾರಾದವೆಂದು ತಿಳಿಯಲು ಕೆ. ಪದ್ದಯ್ಯ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು 2009ರಲ್ಲಿ ಪ್ರಕಟವಾದವು.

ಇಂದಿನವರು ಯಶಸ್ವಿಯಾದ ಮಾತ್ರಕ್ಕೆ ಪ್ರಾಚೀನರೂ ಹಾಗೆಯೇ ಮಾಡಿದರೆನ್ನಲಾಗದು. ಒಂದೇ ತೋಡಿಗೆ ಹಲವು ದಾರಿಗಳಿವೆ. ಆದರೆ ಫೋಲ್ಸಮ್ ಜನರು ಎಸೆದುಹೋದ ತುಂಡುಗಳ ರಾಶಿಯಲ್ಲಿ ಒಂದು ಸಂಗತಿ ಸ್ಪಷ್ಟ: ಅವರ ಕಲ್ಲುಗಳೂ ಮುರಿಯುತ್ತಿದ್ದವು, ಅವರೂ ಮತ್ತೊಂದು ಕಲ್ಲನ್ನು ಕೈಗೆತ್ತಿಕೊಳ್ಳುತ್ತಿದ್ದರು.