ಚರ್ಮಕ್ಕೂ ಒಂದು ಗಡಿಯಾರ

ಕೆಲವು ಮಳೆಗಾಲಗಳ ಹಿಂದೆ ಬಿ.ಎಸ್‌ಸಿ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎರಡು ಟ್ಯೂಬುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಒಂದು ಹಗಲಿಗೆ ಹಚ್ಚುವ ಕ್ರೀಮ್, ಇನ್ನೊಂದು ರಾತ್ರಿಗೆ. ಎರಡರ ಬೆಲೆ ಕೂಡಿಸಿದರೆ ಅವಳ ಕಾಪು–ಉಡುಪಿ ಬಸ್ಸಿನ ತಿಂಗಳ ಖರ್ಚನ್ನು ಮೀರುತ್ತಿತ್ತು. “ಸರ್, ಚರ್ಮಕ್ಕೆ ಹಗಲು ರಾತ್ರಿ ಗೊತ್ತಾಗುತ್ತದೆಯೇ? ಅಥವಾ ಒಂದರ ಬದಲು ಎರಡು ಮಾರುವ ಉಪಾಯವೇ?” ಎಂದು ಕೇಳಿದಳು. ನಾನು ಭೌತಶಾಸ್ತ್ರದವನು. ಹಿಂದೆ ಮುಂದೆ ನೋಡದೆ “ಉಪಾಯವೇ” ಎಂದುಬಿಟ್ಟೆ. ಆಮೇಲೆ ಓದುತ್ತ ಹೋದಾಗ ನನ್ನ ಉತ್ತರ ಅರ್ಧ ತಪ್ಪು ಎಂದು ತಿಳಿಯಿತು. ಆ ಅರ್ಧವನ್ನು ತಿದ್ದಿಕೊಳ್ಳಲು ಈ ಬರಹ.

ಕಥೆ ಆರಂಭವಾಗುವುದು ಚರ್ಮದಿಂದಲ್ಲ, ಎಲೆಯಿಂದ. ಕ್ರಿ.ಪೂ. 4ನೆಯ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಪಡೆಯಲ್ಲಿದ್ದ ಆಂಡ್ರೋಸ್ತನೀಸ್ ಎಂಬಾತ ಇಂದಿನ ಬಹರೈನ್ ದ್ವೀಪದಲ್ಲಿ ಒಂದು ಮರದ ಎಲೆಗಳು ಹಗಲು ಬಿಚ್ಚಿ ರಾತ್ರಿ ಮಡಚಿಕೊಳ್ಳುವುದನ್ನು ಬರೆದಿಟ್ಟ. ಅದು ನಮ್ಮ ಹುಣಸೆ ಮರವೆಂದು ವಿದ್ವಾಂಸರ ಅಭಿಪ್ರಾಯ. ಬೆಳಕು ಬಂದಾಗ ಬಿಚ್ಚುತ್ತದೆ, ಹೋದಾಗ ಮುಚ್ಚುತ್ತದೆ. ಇದರಲ್ಲಿ ವಿಶೇಷವೇನು ಎಂದು ಎಲ್ಲರೂ ಎರಡು ಸಾವಿರ ವರ್ಷ ಸುಮ್ಮನಿದ್ದರು. 1729ರಲ್ಲಿ ಫ್ರಾನ್ಸಿನ ದ ಮೇರಾನ್ ಒಂದು ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ನಮ್ಮ ಗದ್ದೆಯ ಅಂಚಿನಲ್ಲಿ ಬೆಳೆಯುವ ನಾಚಿಕೆಮುಳ್ಳಿನ ಜಾತಿಯದೆಂದು ಹೇಳುವ ಗಿಡ ಅದು. ಬೆಳಕೇ ಇಲ್ಲದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿ ರಾತ್ರಿಯ ಹೊತ್ತಿಗೆ ಮುಚ್ಚುತ್ತಿದ್ದವು! ದ ಮೇರಾನ್ ಸಸ್ಯಶಾಸ್ತ್ರಜ್ಞನಲ್ಲ, ಖಗೋಳಜ್ಞ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. 1832ರಲ್ಲಿ ದ ಕಾಂಡೋಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬದಲಾಗದ ಪರಿಸ್ಥಿತಿಯಲ್ಲಿಟ್ಟ ನಾಚಿಕೆಮುಳ್ಳಿನ ಆವರ್ತ ಕಾಲ 24 ಗಂಟೆಯಲ್ಲ, 22–23 ಗಂಟೆ. ಹೊರಗಿನ ಯಾವುದೋ ಸುಳಿವನ್ನು ಹಿಡಿದು ಗಿಡ ನಡೆಯುತ್ತಿದ್ದರೆ ಸರಿಯಾಗಿ 24 ಬರಬೇಕಿತ್ತು. ಆದ್ದರಿಂದ ಗಡಿಯಾರ ಗಿಡದ ಒಳಗೇ ಇದೆ.

ಇಲ್ಲಿ ಒಂದು ಭೌತಶಾಸ್ತ್ರದ ತೊಡಕು ಇದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸಾಮಾನ್ಯ ರಾಸಾಯನಿಕ ಕ್ರಿಯೆಯ ವೇಗ ಎರಡು ಮೂರು ಪಟ್ಟಾಗುತ್ತದೆ. ಜೀವಿಯ ಗಡಿಯಾರ ರಾಸಾಯನಿಕ ಕ್ರಿಯೆಗಳಿಂದಲೇ ಆಗಿದ್ದರೆ ಬಿಸಿಲಿನ ದಿನ ಅದು ಓಡಬೇಕು, ಚಳಿಯಲ್ಲಿ ತೆವಳಬೇಕು. ಅಂಥ ಗಡಿಯಾರದಿಂದ ಏನು ಪ್ರಯೋಜನ? 1954ರಲ್ಲಿ ಕಾಲಿನ್ ಪಿಟೆಂಡ್ರೈ ಡ್ರೊಸೊಫಿಲ ಎಂಬ ಹಣ್ಣುನೊಣದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೋಶದಿಂದ ನೊಣ ಹೊರಬರುವ ಹೊತ್ತಿನ ಲಯ ಉಷ್ಣತೆ ಬದಲಾದರೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಒಳ್ಳೆಯ ಲೋಲಕದ ಗಡಿಯಾರದಲ್ಲಿ ಲೋಹದ ಹಿಗ್ಗುವಿಕೆಯನ್ನು ಸರಿದೂಗಿಸುವ ಏರ್ಪಾಡು ಇರುವಂತೆಯೇ ಇದು. ಅಂದ ಹಾಗೆ, ಈ ನೊಣ ಹೊರಬರುವುದು ಬೆಳಗಿನ ಜಾವದ ಸುತ್ತಮುತ್ತ. ಆಗ ಗಾಳಿಯಲ್ಲಿ ತೇವ ಹೆಚ್ಚು. ಮೆತ್ತಗಿನ ಹೊಸ ಹೊರಕವಚ ಒಣಗಿ ಗಟ್ಟಿಯಾಗುವ ಮೊದಲು ರೆಕ್ಕೆ ಬಿಚ್ಚಿಕೊಳ್ಳಲು ಬಿಡುವು ಸಿಗುತ್ತದೆ ಎಂಬುದು ಹಳೆಯ ವಿವರಣೆ. ನೊಣದ ಗಡಿಯಾರವೂ ಅದರ ‘ಚರ್ಮ’ದ ಆರೈಕೆಗೇ ನಿಂತಿದೆ ಎನ್ನೋಣವೇ?

ಈ ನೊಣಗಳ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಎಂ.ಕೆ. ಚಂದ್ರಶೇಖರನ್ ಅವರು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಈ ವಿಜ್ಞಾನದ ಹಿರಿಯ ಎರ್ವಿನ್ ಬುನಿಂಗ್ ಅವರ ಬಳಿ ಕೆಲಸ ಮಾಡಿ, ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಗುಹೆಯ ಬಾವಲಿಗಳ ಮೇಲೂ ಹೊರಜಗತ್ತಿನ ಸುಳಿವಿಲ್ಲದ ಕೋಣೆಯಲ್ಲಿ ಇರಿಸಿದ ಮನುಷ್ಯರ ಮೇಲೂ ಅಧ್ಯಯನ ನಡೆಸಿದರು. 1990ರ ದಶಕದಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ವಿಜಯ್ ಕುಮಾರ್ ಶರ್ಮಾ ಅವರ ತಂಡ, ಬೆಳಗ್ಗೆ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ಬೇರೆ ಬೇರೆಯಾಗಿ ತಲೆಮಾರುಗಟ್ಟಲೆ ಆರಿಸುತ್ತ ಹೋಯಿತು. ಗಡಿಯಾರದ ವೇಗವೇ ಬದಲಾಯಿತು. ಬೆಳಗಿನ ನೊಣಗಳ ಆವರ್ತ ಕಾಲ ಕಡಿಮೆಯಾಯಿತು, ಸಂಜೆಯವುಗಳದು ಹೆಚ್ಚಾಯಿತು. ಚಂದ್ರಶೇಖರನ್ ಅವರ ‘ಟೈಮ್ ಇನ್ ದ ಲಿವಿಂಗ್ ವರ್ಲ್ಡ್’ ಪುಸ್ತಕ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿದ್ದರೆ ತೆಗೆದು ಓದಿ.

ಗಡಿಯಾರದ ಮೊದಲ ವಂಶವಾಹಿ ಸಿಕ್ಕಿದ್ದೂ ಇದೇ ನೊಣದಲ್ಲಿ. 1971ರಲ್ಲಿ ರೊನಾಲ್ಡ್ ಕೊನೋಪ್ಕ ಮತ್ತು ಸೀಮೋರ್ ಬೆಂಜರ್ ಮೂರು ವಿಕೃತ ತಳಿಗಳನ್ನು ಹಿಡಿದರು. ಒಂದರ ದಿನ 19 ಗಂಟೆ, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ಲಯವೇ ಇಲ್ಲ. ಬೆಂಜರ್ ಡಾಕ್ಟರೇಟ್ ಪಡೆದದ್ದು ಭೌತಶಾಸ್ತ್ರದಲ್ಲಿ ಎಂದು ಹೇಳದೆ ಇರಲಾರೆ. 1984ರಲ್ಲಿ ಆ ವಂಶವಾಹಿಯನ್ನು ಬೇರ್ಪಡಿಸಿ ಮುಂದೆ ಅದರ ಕೆಲಸವನ್ನು ಬಿಡಿಸಿಟ್ಟ ಹಾಲ್, ರಾಸ್‌ಬಾಷ್, ಯಂಗ್ ಮೂವರಿಗೆ 2017ರ ನೊಬೆಲ್ ಬಹುಮಾನ ಬಂತು. ವಂಶವಾಹಿ ಒಂದು ಪ್ರೋಟೀನನ್ನು ಮಾಡಿಸುತ್ತದೆ. ಆ ಪ್ರೋಟೀನು ಸಾಕಷ್ಟು ಸೇರಿದಾಗ ತನ್ನ ವಂಶವಾಹಿಯನ್ನೇ ತಡೆಯುತ್ತದೆ. ಅದು ಕರಗಿಹೋದ ಮೇಲೆ ಮತ್ತೆ ಶುರು. ತಡವಾಗಿ ಬರುವ ಋಣ ಹಿಮ್ಮಾಹಿತಿಯಿಂದ ಆಂದೋಲನ ಉಂಟಾಗುವುದನ್ನು ಎಲೆಕ್ಟ್ರಾನಿಕ್ಸ್ ಪಾಠದಲ್ಲಿ ನೀವು ನೋಡಿದ್ದೀರಿ.

ಇನ್ನು ಚರ್ಮ. ಸಸ್ತನಿಗಳ ಗಡಿಯಾರ ಮಿದುಳಿನ ಬುಡದಲ್ಲಿ, ಕಣ್ಣಿನ ನರಗಳು ಹಾಯುವ ಜಾಗದ ಮೇಲೆ ಇದೆ ಎಂದು 1972ರಲ್ಲಿ ಗೊತ್ತಾಗಿತ್ತು. ಉಳಿದ ಅಂಗಗಳು ಅದರ ಆಜ್ಞೆ ಕೇಳುವ ಆಳುಗಳು ಎಂದು ಬಹಳ ಜನ ನಂಬಿದ್ದರು. 1998ರಲ್ಲಿ ಜಿನೀವಾದ ಉಲಿ ಶಿಬ್ಲರ್ ಅವರ ತಂಡ, ದಶಕಗಳಿಂದ ಗಾಜಿನ ತಟ್ಟೆಯಲ್ಲಿ ಸಾಕಿದ್ದ ಇಲಿಯ ತಂತುಕೋಶಗಳಿಗೆ ಒಮ್ಮೆ ಹೆಚ್ಚು ಸೀರಮ್ ಉಣಿಸಿ ನೋಡಿತು. ಕೂಡಲೇ ಅವುಗಳಲ್ಲಿ ದೈನಿಕ ಲಯ ಕಾಣಿಸಿತು! ಮಿದುಳು ಇಲ್ಲ, ಬೆಳಕು ಇಲ್ಲ, ದೇಹವೇ ಇಲ್ಲ. ಆದರೂ ಗಡಿಯಾರ ಇತ್ತು. ತಂತುಕೋಶಗಳೆಂದರೆ ನಮ್ಮ ಒಳಚರ್ಮದಲ್ಲಿ ನಾರು ನೇಯುವ, ಗಾಯ ಕೂಡಿಸುವ ಕೋಶಗಳು. 2005ರಲ್ಲಿ ಇದೇ ತಂಡದವರು ಮನುಷ್ಯರ ಚರ್ಮದ ಸಣ್ಣ ಚೂರುಗಳಿಂದ ಕೋಶ ಬೆಳೆಸಿ, ಅವರವರ ಗಡಿಯಾರದ ಆವರ್ತ ಕಾಲವನ್ನು ತಟ್ಟೆಯಲ್ಲೇ ಅಳೆದರು. ಈ ಕೋಶಗಳೂ ಉಷ್ಣತೆಯ ಏರಿಳಿತಕ್ಕೆ ಹೆಚ್ಚು ಬಗ್ಗುವುದಿಲ್ಲ. ಬಗ್ಗಿದ್ದರೆ ದೇಹದ ಎಲ್ಲ ಅಂಗಗಳಿಗಿಂತ ಹೆಚ್ಚು ಬಿಸಿ-ತಂಪು ಕಾಣುವ ಚರ್ಮ ಎಂದೋ ಹೊತ್ತು ತಪ್ಪಿಸಿಕೊಳ್ಳುತ್ತಿತ್ತು.

ಈ ಗಡಿಯಾರ ಏನು ಮಾಡುತ್ತದೆ? ಹೊರಚರ್ಮದ ಕೋಶಗಳು ಒಡೆದು ಹೊಸ ಕೋಶಗಳಾಗುವುದು ಮಧ್ಯರಾತ್ರಿಯ ಆಸುಪಾಸಿನಲ್ಲಿ ಹೆಚ್ಚು ಎಂದು 1959ರಲ್ಲೇ ಶೆವಿಂಗ್ ತೋರಿಸಿದ್ದರು. ಜಿಡ್ಡು ಹೆಚ್ಚು ಒಸರುವುದು ನಡುಹಗಲಿನಲ್ಲಿ. ಬೆವರಲ್ಲದೆ ಕಾಣದಂತೆ ಚರ್ಮದ ಮೂಲಕ ದಿನಕ್ಕೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ಆವಿಯಾಗುತ್ತದೆಯಲ್ಲ, ಅದು ಸಂಜೆ ಮತ್ತು ರಾತ್ರಿ ಏರುತ್ತದೆ ಎಂದು 1998ರಲ್ಲಿ ಯೋಸಿಪೊವಿಚ್ ಮತ್ತು ಸಂಗಡಿಗರು ಅಳೆದರು. ತುರಿಕೆ ಇರುವವರಿಗೆ ರಾತ್ರಿಯೇ ಕಾಟ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ನನ್ನನ್ನು ಬೆಚ್ಚಿಬೀಳಿಸಿದ್ದು ಸುಟ್ಟಗಾಯದ ಲೆಕ್ಕ. 2017ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಆಸ್ಪತ್ರೆಗಳ 118 ರೋಗಿಗಳ ದಾಖಲೆ ನೋಡಿದರು. ಹಗಲು ಸುಟ್ಟುಕೊಂಡವರ ಗಾಯ ಸರಾಸರಿ 17 ದಿನಗಳಲ್ಲಿ ಮಾಗಿತ್ತು, ರಾತ್ರಿ ಸುಟ್ಟುಕೊಂಡವರದು 28 ದಿನ ಹಿಡಿದಿತ್ತು. ತಂತುಕೋಶ ಗಾಯದತ್ತ ಸರಿಯಲು ಬೇಕಾದ ಒಳಹಂದರ ಹಗಲಿನಲ್ಲಿ ಚುರುಕಾಗಿ ಕಟ್ಟಿಕೊಳ್ಳುವುದನ್ನು ಪ್ರಯೋಗಾಲಯದಲ್ಲೂ ಕಂಡರು. ರಾತ್ರಿಯಿಡೀ ಒಲೆಯ ಮುಂದೆ ನಿಲ್ಲುವ ಬೇಕರಿಯವರನ್ನೂ ಹಬ್ಬದ ಅಡುಗೆಯವರನ್ನೂ ನೆನೆಯಿರಿ. ಇದು ಸೌಂದರ್ಯದ ಮಾತಲ್ಲ.

ಇನ್ನೊಂದು ಪ್ರಯೋಗ ಅತಿನೇರಳೆ ಕಿರಣದ್ದು. 2011ರಲ್ಲಿ ಅಜೀಜ್ ಸಂಜಾರ್ (2015ರ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರು) ಅವರ ಪ್ರಯೋಗಾಲಯದಲ್ಲಿ ಶೋಭನ್ ಗದ್ದಮೀಡಿ ಮೊದಲಾದವರು ಚಿಟ್ಟಿಲಿಗಳಿಗೆ ಬೆಳಗಿನ 4 ಗಂಟೆಗೆ ಅಥವಾ ಸಂಜೆ 4 ಗಂಟೆಗೆ ಈ ಕಿರಣ ತಾಗಿಸಿದರು. ಮುಂಜಾವದ ಗುಂಪಿನಲ್ಲಿ ಚರ್ಮದ ಗೆಡ್ಡೆಗಳು ಸುಮಾರು ಐದು ಪಟ್ಟು. ಡಿ.ಎನ್.ಎ. ರಿಪೇರಿ ಮಾಡುವ ಒಂದು ಪ್ರೋಟೀನಿನ ಪ್ರಮಾಣ ಗಡಿಯಾರದೊಂದಿಗೆ ಏರಿಳಿಯುವುದೇ ಕಾರಣ. ಚಿಟ್ಟಿಲಿ ನಿಶಾಚರಿ, ನಾವು ದಿನಚರರು. ಆದ್ದರಿಂದ ನಮ್ಮಲ್ಲಿ ಬೆಳಗಿನ ಹೊತ್ತೇ ರಿಪೇರಿ ಚೆನ್ನಾಗಿರಬೇಕು ಎಂದು ಅವರು ಊಹಿಸಿದರು. ಊಹೆ ಸಮಂಜಸ. ಆದರೆ ಚಿಟ್ಟಿಲಿಯಿಂದ ಮನುಷ್ಯನಿಗೆ ಒಂದೇ ನೆಗೆತಕ್ಕೆ ಹಾರಬಾರದು.

ಈಗ ಆ ಟ್ಯೂಬುಗಳು. ಕೆಲವು ಔಷಧಗಳನ್ನು ರಾತ್ರಿ ಹಚ್ಚಿ ಎಂದು ವೈದ್ಯರು ಹೇಳುವುದಕ್ಕೆ ಚರ್ಮದ ಗಡಿಯಾರ ಕಾರಣವೇ ಅಲ್ಲ. ಮೊಡವೆಗೆ ಕೊಡುವ ಟ್ರೆಟಿನಾಯಿನ್ ಬೆಳಕು ಬಿದ್ದರೆ ವಿಘಟಿಸುತ್ತದೆ, ಅಷ್ಟೆ, ಇದು ದ್ಯುತಿರಸಾಯನ. ಚರ್ಮ ಒಣಗಿದವರು ಮಲಗುವ ಮುನ್ನ ಎಣ್ಣೆಯನ್ನೋ ತೇವ ಹಿಡಿಯುವ ಲೇಪವನ್ನೋ ಸವರಿಕೊಳ್ಳುವುದಕ್ಕೆ ನೀರಿನ ನಷ್ಟದ ಅಳತೆ ಬೆಂಬಲ ಕೊಡುತ್ತದೆ. ಆದರೆ ನಷ್ಟದ ದರ ಚರ್ಮದ ಮೇಲಿನ ಮತ್ತು ಗಾಳಿಯ ಆವಿಯೊತ್ತಡಗಳ ವ್ಯತ್ಯಾಸವನ್ನೂ ಅವಲಂಬಿಸಿದೆ. ಚಳಿದೇಶದ, ಹೀಟರ್ ಹಾಕಿದ ಒಣ ಕೋಣೆಯ ಲೆಕ್ಕವನ್ನು ಆಷಾಢದ ಉಡುಪಿಗೆ ತಂದರೆ ಹೊಂದುವುದಿಲ್ಲ. ಗಡಿಯಾರದ ವಂಶವಾಹಿಗಳನ್ನೇ ಸರಿಪಡಿಸುತ್ತೇವೆ ಎನ್ನುವ ದುಬಾರಿ ಡಬ್ಬಿಗಳ ಮಾತನ್ನು ಪುರಾವೆ ನೋಡದೆ ನಂಬಬೇಡಿ.

ಹಾಗಾದರೆ ನಮ್ಮ ಅಭ್ಯಂಜನ? ವಾಗ್ಭಟನ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯದ ಹೆಸರೇ ದಿನಚರ್ಯೆ. ಎಣ್ಣೆ ತಿಕ್ಕುವುದು, ವ್ಯಾಯಾಮ, ಸ್ನಾನ ಎಲ್ಲಕ್ಕೂ ಅಲ್ಲಿ ಕ್ರಮವಿದೆ. ಅಜೀರ್ಣವಾದವರು ಎಣ್ಣೆ ಹಚ್ಚಬಾರದು ಎಂಬ ನಿಷೇಧವೂ ಇದೆ. ದೇಹಕ್ಕೆ ಹೊತ್ತು ಮುಖ್ಯ ಎಂಬ ಅರಿವು ಅದರಲ್ಲಿ ಸ್ಪಷ್ಟ. ಅದರೊಳಗೆ ಗಡಿಯಾರದ ವಂಶವಾಹಿಯನ್ನು ಹುಡುಕುವುದು ವಾಗ್ಭಟನಿಗೂ ನ್ಯಾಯವಲ್ಲ, ಕೊನೋಪ್ಕನಿಗೂ ಅಲ್ಲ. ಯಾವ ಹೊತ್ತಿನ ಎಣ್ಣೆ ನೀರಿನ ನಷ್ಟವನ್ನು ಎಷ್ಟು ತಡೆಯುತ್ತದೆ ಎಂದು ಅಳೆಯಬಹುದಾದ ಪ್ರಶ್ನೆ ಅದು. ಆಯುರ್ವೇದ ಕಾಲೇಜೂ ವೈದ್ಯಕೀಯ ಕಾಲೇಜೂ ಇರುವ ನಮ್ಮ ಜಿಲ್ಲೆಗೆ ಚೆನ್ನಾಗಿ ಒಪ್ಪುವಂಥದು.

ಬಿಸಿಲಿನ ವಿಷಯದಲ್ಲಿ ಮಾತ್ರ ಗೋಡೆಯ ಗಡಿಯಾರವನ್ನು ನಂಬಬೇಡಿ. ಭಾರತೀಯ ಶಿಷ್ಟ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉಡುಪಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ನಿಜವಾದ ಮಧ್ಯಾಹ್ನ ಸರಾಸರಿ 12 ಗಂಟೆ 31 ನಿಮಿಷಕ್ಕೆ. ಫೆಬ್ರವರಿ ನಡುವಿನಲ್ಲಿ 12.45ರ ಹತ್ತಿರ. ಮಕ್ಕಳನ್ನು 12ರಿಂದ 1ರವರೆಗೆ ಮೈದಾನದಲ್ಲಿ ನಿಲ್ಲಿಸುವ ದೈಹಿಕ ಶಿಕ್ಷಕರು ಅತಿನೇರಳೆಯ ತುತ್ತತುದಿಯಲ್ಲೇ ನಿಲ್ಲಿಸುತ್ತಿದ್ದಾರೆ. ಏಪ್ರಿಲ್ ಕೊನೆಯ ವಾರದಲ್ಲಂತೂ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಒಂದು ಕೋಲು ನೆಟ್ಟು ನೆರಳು ಅಳೆದರೆ ತರಗತಿಗೇ ಇದು ಗೊತ್ತಾಗುತ್ತದೆ.

ಚರ್ಮದ ಲಯವನ್ನೂ ನೀವೇ ನೋಡಬಹುದು. ಪ್ರಯೋಗಾಲಯದ ಥರ್ಮಾಮೀಟರಿನ ಬುರುಡೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಐದು ನಿಮಿಷ ಹಿಡಿದು, ಎದ್ದಾಗಿನಿಂದ ಮಲಗುವವರೆಗೆ ಎರಡು ಗಂಟೆಗೊಮ್ಮೆ ಬರೆದಿಡಿ. ಸ್ನಾನ, ಊಟ, ಫ್ಯಾನು, ಓಟ ಇವೆಲ್ಲ ಅಳತೆಯನ್ನು ಕೆಡಿಸುತ್ತವೆ; ಅವನ್ನೂ ಬರೆಯಿರಿ, ಅಳೆಯುವ ಮೊದಲು ಕಾಲು ಗಂಟೆ ಸುಮ್ಮನೆ ಕುಳಿತಿರಿ. ನಿದ್ದೆಯ ಹೊತ್ತು ಹತ್ತಿರವಾದಂತೆ ಕೈಕಾಲಿನ ರಕ್ತನಾಳಗಳು ಹಿಗ್ಗಿ ಬೆರಳು ಬೆಚ್ಚಗಾಗುತ್ತವೆ, ಒಳದೇಹ ತಣ್ಣಗಾಗುತ್ತದೆ. ಕಾಲು ಬೆಚ್ಚಗಿದ್ದವರಿಗೆ ಬೇಗ ನಿದ್ದೆ ಹತ್ತುತ್ತದೆ ಎಂದು ಬಾಸೆಲ್‌ನ ಸಂಶೋಧಕರು 1999ರಲ್ಲಿ ಪ್ರಕಟಿಸಿದ್ದರು. ಆ ವಿದ್ಯಾರ್ಥಿನಿ ಒಂದು ವಾರ ಹೀಗೆ ಅಳೆದು ನಕ್ಷೆ ಬರೆದಳು. ಐದು ದಿನಗಳ ವಕ್ರರೇಖೆ ಒಂದರ ಮೇಲೊಂದು ಕುಳಿತಿತ್ತು. ಉಳಿದೆರಡು ದಿನ ಮನೆಯ ಹತ್ತಿರ ಬೆಳತನಕ ಯಕ್ಷಗಾನ ಇತ್ತಂತೆ.