ಮಿಹ್ರಾಬಿಗೂ ಜಿನಾಲಯಕ್ಕೂ ನಡುವೆ ಒಂದು ಗೋಡೆ

ಮೊಗಲರ ಕಾಲದ ಧಾರ್ಮಿಕ ಸಹಿಷ್ಣುತೆಯ ಪ್ರಸ್ತಾಪ ಬಂದಾಗಲೆಲ್ಲ ವಿದ್ವಾಂಸರ ದೃಷ್ಟಿ ಅಕ್ಬರನ ಆಸ್ಥಾನದತ್ತ ಹರಿಯುವುದು ಸಹಜ. ಫತೇಪುರ ಸಿಕ್ರಿಯಲ್ಲಿ 1575ರಲ್ಲಿ ಕಟ್ಟಿಸಿದ ಇಬಾದತ್ ಖಾನಾ, ಅಲ್ಲಿ ನಡೆದ ವಾದಗೋಷ್ಠಿಗಳು, ಗುಜರಾತಿನ ಗಂಧಾರದಿಂದ ಬರಿಗಾಲಲ್ಲಿ ನಡೆದು ಬಂದ ತಪಾಗಚ್ಛದ ಆಚಾರ್ಯ ಹೀರವಿಜಯ ಸೂರಿಗಳಿಗೆ ಸಂದ ‘ಜಗದ್ಗುರು’ ಎಂಬ ಬಿರುದು, ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ ಫರ್ಮಾನು, ಇವೆಲ್ಲವೂ ಜೈನ ಸಾಹಿತ್ಯದಲ್ಲಿ ಹೆಮ್ಮೆಯಿಂದ ದಾಖಲಾಗಿವೆ. ಅಬುಲ್ ಫಜಲನು ‘ಆಯಿನೆ ಅಕ್ಬರಿ’ಯಲ್ಲಿ ತನ್ನ ಕಾಲದ ವಿದ್ವಾಂಸರನ್ನು ಐದು ವರ್ಗಗಳಾಗಿ ವಿಂಗಡಿಸಿ, ಹೀರವಿಜಯ ಸೂರಿಗಳನ್ನು ಮೊದಲನೆಯ ವರ್ಗದಲ್ಲಿ ಸೇರಿಸಿದ್ದಾನೆ.

ಆದರೆ ಈ ಔದಾರ್ಯಕ್ಕೆ ಒಂದು ಮಿತಿಯಿತ್ತು. ಅದು ಅರಸನ ಮನೋಧರ್ಮವನ್ನು ಅವಲಂಬಿಸಿತ್ತು. ಅಕ್ಬರನ ಮಗ ಜಹಾಂಗೀರನು ಜೈನ ಯತಿಗಳನ್ನು ಆದರಿಸಿದ್ದೂ ಉಂಟು. ಯತಿಯೊಬ್ಬರು ತನ್ನ ಆಳ್ವಿಕೆ ಬೇಗನೆ ಮುಗಿಯುವುದೆಂದು ಭವಿಷ್ಯ ನುಡಿದಿದ್ದರೆಂಬ ಕೋಪದಲ್ಲಿ ಶ್ವೇತಾಂಬರ ಯತಿಗಳನ್ನು ರಾಜ್ಯದಿಂದ ಹೊರಗಟ್ಟುವ ಆಜ್ಞೆ ಹೊರಡಿಸಿದ್ದೂ ಉಂಟು. ಅದನ್ನು ಅವನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. ಮುಂದೆ ಆ ಆಜ್ಞೆ ಸಡಿಲಗೊಂಡಿತು. ಆದರೂ ಒಬ್ಬನ ಪ್ರಸನ್ನತೆಯಿಂದ ಬಂದದ್ದು ಅವನ ಅಪ್ರಸನ್ನತೆಯಿಂದ ಹೋಗಬಲ್ಲದು ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು. ಆದ್ದರಿಂದ ಇಸ್ಲಾಮಿನೊಳಗಿನ ಸಹಿಷ್ಣುತೆಯನ್ನು ಅರಿಯಬೇಕೆನ್ನುವವರು ಅರಸನ ಔದಾರ್ಯದಿಂದಾಚೆಗೆ ಆ ಧರ್ಮದ ನ್ಯಾಯಶಾಸ್ತ್ರದೊಳಗೇ ಅನ್ಯಧರ್ಮೀಯರಿಗೆ ರಕ್ಷಣೆ ಇತ್ತೇ ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಈ ಪ್ರಶ್ನೆಗೆ ಅಹಮದಾಬಾದಿನ ಒಂದು ಜಿನಾಲಯದ ಕಥೆ ಸ್ಪಷ್ಟವಾದ, ಜೊತೆಗೆ ವಿಷಾದಕರವಾದ ಉತ್ತರವನ್ನು ಕೊಡುತ್ತದೆ.

ಓಸವಾಲ ಸಮುದಾಯದ ಶಾಂತಿದಾಸ ಝವೇರಿ ಹದಿನೇಳನೆಯ ಶತಮಾನದ ಅಹಮದಾಬಾದಿನ ಪ್ರಮುಖ ರತ್ನವ್ಯಾಪಾರಿ. ಮೊಗಲ್ ಅಂತಃಪುರಕ್ಕೂ ದರಬಾರಿಗೂ ಆಭರಣಗಳನ್ನು ಒದಗಿಸುತ್ತಿದ್ದವನು, ನಗರಶೇಠನೆಂದು ಮನ್ನಣೆ ಪಡೆದವನು. ಅವನು ನಗರದ ಹೊರಗಿನ ಸರಸಪುರದ ಬಳಿ ಚಿಂತಾಮಣಿ ಪಾರ್ಶ್ವನಾಥನ ಭವ್ಯ ಜಿನಾಲಯವನ್ನು ಕಟ್ಟಿಸಿದನು. 1621ರಲ್ಲಿ ಆರಂಭವಾದ ಕೆಲಸ 1625ರಲ್ಲಿ ಮುಗಿಯಿತು. 1638ರಲ್ಲಿ ಅಲ್ಲಿಗೆ ಬಂದ ಜರ್ಮನ್ ಪ್ರವಾಸಿ ಮ್ಯಾಂಡೆಲ್‌ಸ್ಲೊ ಅದನ್ನು ನೋಡಿ ಬೆರಗಾಗಿ, ಪ್ರವೇಶದಲ್ಲಿದ್ದ ಕಪ್ಪು ಅಮೃತಶಿಲೆಯ ಆನೆಗಳನ್ನು ವರ್ಣಿಸಿದ್ದಾನೆ.

1645ರಲ್ಲಿ ರಾಜಕುಮಾರ ಔರಂಗಜೇಬನು ಗುಜರಾತಿನ ಸುಬೇದಾರನಾಗಿ ಬಂದನು. ಅವನ ಆಡಳಿತದಲ್ಲಿ ಈ ಜಿನಾಲಯದಲ್ಲಿ ಮಿಹ್ರಾಬುಗಳನ್ನು, ಎಂದರೆ ಪ್ರಾರ್ಥನೆಯ ದಿಕ್ಕನ್ನು ಸೂಚಿಸುವ ಕಮಾನುಗೂಡುಗಳನ್ನು, ನಿರ್ಮಿಸಿ ಅದನ್ನು ಮಸೀದಿಯೆಂದು ಘೋಷಿಸಲಾಯಿತು. ಅಲ್ಲಿ ಗೋವಧೆ ನಡೆಯಿತೆಂದೂ, ಶಿಲ್ಪಗಳ ಮುಖಗಳನ್ನು ಭಗ್ನಗೊಳಿಸಲಾಯಿತೆಂದೂ ಮುಂದೆ 1666ರಲ್ಲಿ ಬಂದ ಫ್ರೆಂಚ್ ಪ್ರವಾಸಿ ಥೆವೆನೊ ಬರೆದಿದ್ದಾನೆ. ಮುಖ್ಯ ಬಿಂಬಗಳನ್ನು ಶ್ರಾವಕರು ಗುಪ್ತವಾಗಿ ನಗರದೊಳಕ್ಕೆ ಸಾಗಿಸಿದರೆಂಬುದು ಜೈನ ಸಂಪ್ರದಾಯದ ನಂಬಿಕೆ.

ಶಾಂತಿದಾಸನು ಚಕ್ರವರ್ತಿ ಶಹಜಹಾನನಿಗೆ ಮೊರೆಯಿಟ್ಟನು. ಶಹಜಹಾನನು ಧಾರ್ಮಿಕ ವಿಷಯಗಳಲ್ಲಿ ಅಜ್ಜನ ಮಾರ್ಗವನ್ನು ಹಿಡಿದವನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಹೊಸದಾಗಿ ಕಟ್ಟಿದ ದೇವಾಲಯಗಳನ್ನು ಕೆಡವಬೇಕೆಂದು ಅವನು ಆಜ್ಞಾಪಿಸಿದ್ದನ್ನೂ, ಅದರಂತೆ ಬನಾರಸ್ ಪ್ರಾಂತದಲ್ಲಿ 76 ದೇವಾಲಯಗಳು ನೆಲಸಮವಾದದ್ದನ್ನೂ ಅವನ ಅಧಿಕೃತ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿಯೇ ದಾಖಲಿಸಿದ್ದಾನೆ. ಶಾಂತಿದಾಸನ ಜಿನಾಲಯವೂ ಇಪ್ಪತ್ತೇ ವರ್ಷಗಳಷ್ಟು ಹಳೆಯದು. ಎದುರಾಳಿಯಾದರೋ ಚಕ್ರವರ್ತಿಯ ಸ್ವಂತ ಮಗ. ಹೀಗಿದ್ದೂ ತೀರ್ಪು ಶಾಂತಿದಾಸನ ಪರವಾಗಿ ಬಂದಿತು.

ಇತಿಹಾಸಕಾರ ಎಂ. ಎಸ್. ಕಮಿಸಾರಿಯಟ್ ಬೆಳಕಿಗೆ ತಂದ 1648ರ ಫರ್ಮಾನಿನಲ್ಲಿ ಈ ತೀರ್ಪಿನ ಹಿನ್ನೆಲೆ ಇದೆ. ಮುಲ್ಲಾ ಅಬ್ದುಲ್ ಹಕೀಮ್ ಎಂಬ ವಿದ್ವಾಂಸನು ಚಕ್ರವರ್ತಿಯ ಮುಂದೆ ಒಂದು ಶಾಸ್ತ್ರೀಯ ಅಭಿಪ್ರಾಯವನ್ನು ಮಂಡಿಸಿದನು: ಈ ಕಟ್ಟಡ ಇನ್ನೊಬ್ಬನ ಸ್ವತ್ತು; ಪರರ ಸ್ವತ್ತನ್ನು ಕಿತ್ತುಕೊಂಡು ಮಾಡಿದ್ದು ಷರೀಯತ್ತಿನ ಪ್ರಕಾರ ಮಸೀದಿ ಎನಿಸುವುದಿಲ್ಲ. ಇದನ್ನು ಒಪ್ಪಿದ ಶಹಜಹಾನನು, ರಾಜಕುಮಾರನು ಮಿಹ್ರಾಬನ್ನು ಮಾಡಿಸಿದನೆಂಬ ಮಾತ್ರಕ್ಕೆ ಶಾಂತಿದಾಸನನ್ನು ಪೀಡಿಸಬಾರದೆಂದೂ, ಅದನ್ನು ತೆಗೆದು ಕಟ್ಟಡವನ್ನು ಅವನಿಗೆ ಒಪ್ಪಿಸಬೇಕೆಂದೂ ಆಗಿನ ಸುಬೇದಾರ ಶಾಯಿಸ್ತಾ ಖಾನನಿಗೆ ಮೊದಲು ಆಜ್ಞಾಪಿಸಿದ್ದನು. 1648ರ ಫರ್ಮಾನು ಇದನ್ನು ಸ್ವಲ್ಪ ಮಾರ್ಪಡಿಸಿತು: ಮಿಹ್ರಾಬು ಹಾಗೆಯೇ ಇರಲಿ, ಅದಕ್ಕೂ ದೇವಾಲಯಕ್ಕೂ ನಡುವೆ ಮರೆಯಾಗಿ ಒಂದು ಗೋಡೆ ಎದ್ದು ನಿಲ್ಲಲಿ. ಶಾಂತಿದಾಸನು ಹಿಂದಿನಂತೆ ತನ್ನ ಧರ್ಮಕ್ಕನುಸಾರವಾಗಿ ಪೂಜೆ ನಡೆಸಿಕೊಳ್ಳಬಹುದು, ಯಾರೂ ಅಡ್ಡಿಪಡಿಸಕೂಡದು. ಅಲ್ಲಿ ನೆಲೆಸಿದ್ದ ಫಕೀರರನ್ನು ಹೊರಗೆ ಕಳುಹಿಸಬೇಕು. ದೇವಾಲಯದ ಸಾಮಗ್ರಿಗಳನ್ನು ಒಯ್ದ ಬೋಹ್ರಾಗಳಿಂದ ಅವನ್ನು ಮರಳಿ ಪಡೆಯಬೇಕು. ಅವು ಬಳಕೆಯಾಗಿ ಹೋಗಿದ್ದರೆ ಬೆಲೆಯನ್ನು ವಸೂಲು ಮಾಡಬೇಕು.

ಅಬ್ದುಲ್ ಹಕೀಮನ ವಾದ ಆಕಸ್ಮಿಕವಾದುದಲ್ಲ. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಪರರ ಸ್ವತ್ತಿನ ಅಪಹರಣಕ್ಕೆ ‘ಗಸ್ಬ್’ ಎಂಬ ಹೆಸರಿದೆ. ತನ್ನದಲ್ಲದ್ದನ್ನು ಯಾರೂ ವಕ್ಫ್ ಮಾಡಲಾರರು ಎಂಬುದು ಅಲ್ಲಿಯ ಮೂಲತತ್ತ್ವಗಳಲ್ಲೊಂದು. ಮುಸ್ಲಿಮ್ ಆಳ್ವಿಕೆಗೆ ಒಳಪಟ್ಟು ಜಜಿಯಾ ತೆರುವ ಅನ್ಯಧರ್ಮೀಯನು ‘ಜಿಮ್ಮಿ’. ಅವನ ಪ್ರಾಣ, ಸ್ವತ್ತುಗಳ ರಕ್ಷಣೆ ಪ್ರಭುತ್ವದ ಹೊಣೆ. ಮೊದಲು ಯಹೂದ್ಯರಿಗೂ ಕ್ರೈಸ್ತರಿಗೂ ಅನ್ವಯಿಸಿದ ಈ ವ್ಯವಸ್ಥೆ ಎಂಟನೆಯ ಶತಮಾನದ ಸಿಂಧ್ ವಿಜಯದ ಸಂದರ್ಭದಲ್ಲಿ ಭಾರತದ ಧರ್ಮಗಳಿಗೂ ವಿಸ್ತರಿಸಿತು. ಅಲ್ಲಿಯ ದೇವಾಲಯಗಳನ್ನು ಮುಹಮ್ಮದ್ ಬಿನ್ ಕಾಸಿಮನು ಇಗರ್ಜಿ, ಸಿನಗಾಗ್ ಹಾಗೂ ಅಗ್ನಿಮಂದಿರಗಳಿಗೆ ಸಮಾನವೆಂದು ಪರಿಗಣಿಸಿದನೆಂದು ಒಂಬತ್ತನೆಯ ಶತಮಾನದ ಇತಿಹಾಸಕಾರ ಬಲಾಜುರಿ ಬರೆದಿದ್ದಾನೆ. ಧರ್ಮದಲ್ಲಿ ಬಲಾತ್ಕಾರ ಸಲ್ಲದೆಂಬ ಅರ್ಥದ ಕುರಾನಿನ ಎರಡನೆಯ ಅಧ್ಯಾಯದ 256ನೆಯ ವಚನ ಈ ಚಿಂತನೆಗೆ ಆಧಾರವಾಗಿ ಉಲ್ಲೇಖಗೊಳ್ಳುತ್ತ ಬಂದಿದೆ.

ಇದಕ್ಕೆ ಪೂರ್ವನಿದರ್ಶನವೂ ಇತ್ತು. ದಮಾಸ್ಕಸಿನ ಸಂತ ಯೋಹಾನನ ಇಗರ್ಜಿಯನ್ನು ಖಲೀಫ ವಲೀದನು ಬಲವಂತವಾಗಿ ಮಹಾಮಸೀದಿಯೊಳಗೆ ಸೇರಿಸಿಕೊಂಡಿದ್ದನು. 717ರಿಂದ 720ರವರೆಗೆ ಆಳಿದ ಉಮರ್ ಬಿನ್ ಅಬ್ದುಲ್ ಅಜೀಜನ ಬಳಿ ಕ್ರೈಸ್ತರು ದೂರು ಕೊಂಡೊಯ್ದಾಗ, ಅದನ್ನು ಹಿಂದಿರುಗಿಸಲು ಅವನು ಆಜ್ಞಾಪಿಸಿದನೆಂದೂ, ನಗರದ ಮುಸ್ಲಿಮರು ಕಳವಳಗೊಂಡು ಸಂಧಾನ ನಡೆಸಿ, ಸುತ್ತಲಿನ ಘೂತಾ ಪ್ರದೇಶದಲ್ಲಿ ವಶಪಡಿಸಿಕೊಂಡಿದ್ದ ಇಗರ್ಜಿಗಳನ್ನು ಬದಲಿಗೆ ಬಿಟ್ಟುಕೊಟ್ಟರೆಂದೂ ಬಲಾಜುರಿಯೇ ತಿಳಿಸುತ್ತಾನೆ. ದಮಾಸ್ಕಸಿನಲ್ಲಾಗಲಿ ಅಹಮದಾಬಾದಿನಲ್ಲಾಗಲಿ ನಡೆದ ಅನ್ಯಾಯವನ್ನು ಅನ್ಯಾಯವೆಂದು ಗುರುತಿಸಿದ್ದು ಇಸ್ಲಾಮಿನದೇ ಮಾನದಂಡ.

ಆದರೆ ಈ ಮಾನದಂಡದ ಮಿತಿಯನ್ನು ಮರೆಮಾಚುವುದು ಇತಿಹಾಸಕ್ಕೆ ನ್ಯಾಯವಾಗದು. ಮುಲ್ಲಾ ಎತ್ತಿ ಹಿಡಿದದ್ದು ಸ್ವಾಮ್ಯದ ಹಕ್ಕನ್ನು. ಎಲ್ಲ ಧರ್ಮಗಳೂ ಸಮಾನವೆಂಬ ತತ್ತ್ವವನ್ನಲ್ಲ. ಜಿಮ್ಮಿಗೆ ರಕ್ಷಣೆಯಿತ್ತು, ಸಮಾನತೆ ಇರಲಿಲ್ಲ. ಫರ್ಮಾನಿನ ಭಾಷೆಯಲ್ಲೂ ಒಂದು ದ್ವಂದ್ವವಿದೆ. ಮುಲ್ಲಾನ ಮಾತಿನಲ್ಲಿ ಜಿನಾಲಯವು ಶಾಂತಿದಾಸನ ಸ್ವಂತ ಸ್ವತ್ತು. ಅದೇ ಫರ್ಮಾನು ಮುಂದುವರಿದಂತೆ ಅದು ಚಕ್ರವರ್ತಿಯು ಕೃಪೆಯಿಂದ ದಯಪಾಲಿಸಿದ ದಾನವಾಗಿಬಿಡುತ್ತದೆ. ಹಕ್ಕು ಕೃಪೆಯ ಉಡುಪನ್ನು ತೊಟ್ಟೇ ಆಸ್ಥಾನದಿಂದ ಹೊರಬಂದಿತು. ಉಳಿಸಿದ ಮಿಹ್ರಾಬು, ಅದನ್ನು ಮರೆಮಾಡುವ ಗೋಡೆ, ಈ ಎರಡೂ ಅದೇ ದ್ವಂದ್ವದ ಕುರುಹುಗಳು. ರಾಜಕುಮಾರನ ಮಾನ ಉಳಿಯಬೇಕು, ವ್ಯಾಪಾರಿಗೆ ನ್ಯಾಯವೂ ಸಿಗಬೇಕು.

ಇದಕ್ಕಿಂತ ದೊಡ್ಡ ನಷ್ಟ ಬೇರೆಯದು. ಕಟ್ಟಡ ಮರಳಿ ಬಂದರೂ ರಕ್ತಪಾತದಿಂದ ಅಪವಿತ್ರಗೊಂಡ ಸ್ಥಳದಲ್ಲಿ ಜಿನಪೂಜೆ ಮತ್ತೆ ನೆಲೆಗೊಳ್ಳಲಿಲ್ಲ. ಥೆವೆನೊ ಕಂಡಾಗಲೂ ಅದರ ಮೇಲೆ ಮಸೀದಿಯ ಗುರುತುಗಳೇ ಇದ್ದವು. ಕಾಲಕ್ರಮದಲ್ಲಿ ಅದು ಪಾಳುಬಿದ್ದಿತು. ನ್ಯಾಯಶಾಸ್ತ್ರವು ಕಲ್ಲು ಮರಗಳ ಬೆಲೆಯನ್ನು ಕಟ್ಟಿಕೊಡಬಲ್ಲದು. ಅಹಿಂಸೆಯ ನೆಲೆಯಲ್ಲಿ ಹರಿದ ರಕ್ತಕ್ಕೆ ಬೆಲೆ ಕಟ್ಟುವುದು ಯಾವ ಫರ್ಮಾನಿಗೂ ಸಾಧ್ಯವಿರಲಿಲ್ಲ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. 1658ರಲ್ಲಿ ಸಿಂಹಾಸನಕ್ಕಾಗಿ ಸಹೋದರರಲ್ಲಿ ಯುದ್ಧ ನಡೆದಾಗ ಗುಜರಾತಿನಲ್ಲಿದ್ದ ಮುರಾದ್ ಬಕ್ಷನು ಶಾಂತಿದಾಸನ ಮನೆತನದಿಂದ ಐದೂವರೆ ಲಕ್ಷ ರೂಪಾಯಿ ಸಾಲ ಎತ್ತಿದನು. ಮುರಾದನನ್ನು ಸೆರೆಹಿಡಿದ ಔರಂಗಜೇಬನು ಅದರಲ್ಲಿ ಒಂದು ಲಕ್ಷವನ್ನು ತೀರಿಸಲು ಆಜ್ಞೆ ಕೊಟ್ಟನು. 1660ರ ಫರ್ಮಾನಿನಲ್ಲಿ, ಸೈನ್ಯಕ್ಕೆ ಧಾನ್ಯ ಒದಗಿಸಿದ ಸೇವೆಯನ್ನು ಸ್ಮರಿಸಿ, ಪಾಲಿತಾಣದ ಶತ್ರುಂಜಯ, ಗಿರನಾರ್ ಮತ್ತು ಆಬು ತೀರ್ಥಗಳನ್ನು ಶಾಂತಿದಾಸನ ಮೂಲಕ ಶ್ರಾವಕ ಸಮುದಾಯಕ್ಕೆ ಒಪ್ಪಿಸಿದನು. ಜಿನಾಲಯವನ್ನು ಮಸೀದಿಯಾಗಿಸಿದ ಕೈಯೇ ಜೈನ ತೀರ್ಥಗಳ ದಾನಪತ್ರಕ್ಕೆ ಮುದ್ರೆಯೊತ್ತಿತು. 1679ರಲ್ಲಿ ಜಜಿಯಾ ತೆರಿಗೆಯನ್ನು ಮರಳಿ ಹೇರಿದ್ದೂ ಅದೇ ಕೈ.

ಹೀಗೆ ಒಂದೇ ಶತಮಾನದ ಅವಧಿಯಲ್ಲಿ ಜೈನ ಸಮುದಾಯ ಮೂರು ಬಗೆಯ ಸಹಿಷ್ಣುತೆಯನ್ನು ಕಂಡಿತು: ಅಕ್ಬರನ ಜಿಜ್ಞಾಸೆಯಿಂದ ಹುಟ್ಟಿದ್ದು, ಔರಂಗಜೇಬನ ರಾಜಕೀಯ ಅಗತ್ಯದಿಂದ ಹುಟ್ಟಿದ್ದು, ಅಬ್ದುಲ್ ಹಕೀಮನ ಶಾಸ್ತ್ರನಿಷ್ಠೆಯಿಂದ ಹುಟ್ಟಿದ್ದು. ಮೊದಲನೆಯದು ಅರಸನೊಂದಿಗೆ ಅಳಿಯಿತು. ಎರಡನೆಯದು ಅಗತ್ಯ ತೀರಿದೊಡನೆ ತೆಳುವಾಯಿತು. ಮೂರನೆಯದಕ್ಕೆ ಮಾತ್ರ ವ್ಯಕ್ತಿಯನ್ನು ಮೀರಿ ನಿಲ್ಲುವ ಗುಣವಿತ್ತು. ಏಕೆಂದರೆ ಅದು ಸ್ನೇಹವನ್ನಾಗಲಿ ಲಾಭವನ್ನಾಗಲಿ ಆಶ್ರಯಿಸಿರಲಿಲ್ಲ. ಜೈನ ಧರ್ಮವನ್ನು ಮೆಚ್ಚದಿದ್ದರೂ ಜೈನನ ಸ್ವತ್ತು ಜೈನನದೇ ಎಂದು ಹೇಳಲು ಅದು ಶಕ್ತವಾಗಿತ್ತು.

ಹೀರವಿಜಯ ಸೂರಿಗಳನ್ನು ಕುರಿತು ‘ಹೀರಸೌಭಾಗ್ಯ’ದಂಥ ಮಹಾಕಾವ್ಯವೇ ಹುಟ್ಟಿಕೊಂಡಿತು. ಮುಲ್ಲಾ ಅಬ್ದುಲ್ ಹಕೀಮನಿಗಾದರೋ ಫರ್ಮಾನಿನ ಒಂದು ವಾಕ್ಯವಷ್ಟೇ ದಕ್ಕಿದೆ. ತನ್ನ ಧರ್ಮದ ಹೆಸರಿನಲ್ಲಿ ನಡೆದ ತಪ್ಪನ್ನು ತನ್ನ ಧರ್ಮದ ಗ್ರಂಥಗಳನ್ನೇ ಮುಂದಿಟ್ಟು, ರಾಜಕುಮಾರನಿಗೆ ವಿರುದ್ಧವಾಗಿ, ಅವನ ತಂದೆಯ ಎದುರಿನಲ್ಲೇ ತಪ್ಪೆಂದು ಹೇಳಿದ ಆ ಒಂದು ವಾಕ್ಯ ಸಹಿಷ್ಣುತೆಯ ಇತಿಹಾಸದಲ್ಲಿ ಸಣ್ಣದೇನಲ್ಲ.